ಹೊಸ ಟೈರಿನ ಕಾರು ನಡುಗಿದಾಗ: ಮಂಗಳೂರಿನ ರಸ್ತೆಗಳಲ್ಲಿ ಕಾರಣ ಹುಡುಕುವ ಕ್ರಮ

ಮಳೆಗಾಲ ಹಿಡಿಯುವ ಮೊದಲೇ ಟೈರು ಬದಲಿಸಿಕೊಳ್ಳುವುದು ಕರಾವಳಿಯ ಅನೇಕ ಕಾರು ಮಾಲೀಕರ ವಾಡಿಕೆ. ಗ್ರೂವ್‌ಗಳ ಆಳ 1.6 ಮಿ.ಮೀ.ಗೆ ಇಳಿದು ಸವೆತದ ಗುರುತು ಕಾಣಿಸಿಕೊಂಡ ಟೈರನ್ನು ಇಲ್ಲಿನ ಜೂನ್ ತಿಂಗಳ ನೀರಿನ ಮೇಲೆ ಓಡಿಸುವುದು ಕಾನೂನಿಗೂ ಒಗ್ಗದು, ಜೀವಕ್ಕೂ ಒಳ್ಳೆಯದಲ್ಲ. ಹಾಗೆ ಟೈರು ಹಾಕಿಸಿಕೊಂಡವರಲ್ಲಿ ಕೆಲವರು ವಾರ ಕಳೆಯುವುದರೊಳಗೆ ಅಂಗಡಿಗೆ ವಾಪಸಾಗುತ್ತಾರೆ. "ಮೊದಲು ಇರ್ಲಿಲ್ಲ, ಈಗ ಸ್ಟೇರಿಂಗ್ ಆಡ್ತದೆ" ಎಂಬುದು ಒಂದು ದೂರು. "ಹಿಂದಿನಿಂದ ಗುಂಯ್ ಅಂತ ಸೌಂಡ್ ಉಂಟು" ಎಂಬುದು ಇನ್ನೊಂದು. ಟೈರಿನ ಅಂಗಡಿಯವರು ಬೇರಿಂಗ್ ಕಡೆಗೆ ಕೈ ತೋರಿಸುತ್ತಾರೆ, ಸರ್ವಿಸ್ ಸೆಂಟರಿನವರು ಟೈರಿನ ಕಡೆಗೆ. ನಡುವೆ ಮಾಲೀಕನ ಜೇಬು ಖಾಲಿಯಾಗುತ್ತದೆ.

ಈ ಟಿಪ್ಪಣಿಯ ವಾದ ಇಷ್ಟು: ತೊಂದರೆ ಟೈರಿನದ್ದೋ, ಚಕ್ರ ಕೂತ ಜಾಗದ್ದೋ, ಮೊದಲೇ ಇದ್ದ ಹಳೆಯ ಸವೆತದ್ದೋ, ಇಲ್ಲಾ ರಸ್ತೆಯದ್ದೋ ಎಂಬುದನ್ನು ಸ್ಪ್ಯಾನರ್ ಮುಟ್ಟುವ ಮೊದಲೇ ಬಹುಮಟ್ಟಿಗೆ ಬೇರ್ಪಡಿಸಬಹುದು. ಅದಕ್ಕೆ ಬೇಕಾದ ರಸ್ತೆಗಳೆಲ್ಲ ಮಂಗಳೂರಿನಲ್ಲೇ ಇವೆ. ಟೈರು ಬದಲಾದ ದಿನವೇ ನಡುಕ ಶುರುವಾಯಿತು ಎಂದ ಮಾತ್ರಕ್ಕೆ ಟೈರೇ ಕಾರಣ ಎನ್ನಲಾಗದು. ಆ ದಿನ ಟೈರಿನ ಜೊತೆಗೆ ಇನ್ನೂ ಹಲವು ಬದಲಾಗಿರುತ್ತವೆ: ನಾಲ್ಕೂ ಚಕ್ರ ಬಿಚ್ಚಿ ಮತ್ತೆ ಕೂರಿಸಿದ್ದಾರೆ, ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿದಿದ್ದಾರೆ, ಗಾಳಿಯ ಒತ್ತಡ ಬದಲಾಗಿದೆ, ಮುಂದಿನ ಚಕ್ರ ಹಿಂದಕ್ಕೆ ಹೋಗಿದ್ದರೂ ಹೋಗಿರಬಹುದು.

ಮೊದಲು ನಡುಕದ ಲೆಕ್ಕ. ಸಣ್ಣ ಕಾರುಗಳಲ್ಲಿ ಹೇರಳವಾಗಿ ಕಾಣುವ 175/65 ಆರ್ 14 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಅಗಲ 175 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 14 ಇಂಚು. ಹೊರವ್ಯಾಸ 583 ಮಿ.ಮೀ. ಆಗುತ್ತದೆ. ಕಾರಿನ ಭಾರಕ್ಕೆ ಟೈರು ಕೊಂಚ ತಗ್ಗುವುದರಿಂದ ಒಂದು ಸುತ್ತಿಗೆ ಅದು ಸಾಗುವ ದೂರ ಸುಮಾರು 1.78 ಮೀಟರ್. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ 14 ಸುತ್ತು ಹಾಕುತ್ತದೆ. ಈ 14ಕ್ಕೆ ವಿಶೇಷ ಮಹತ್ವವಿದೆ. ಸ್ಪ್ರಿಂಗಿನ ಮೇಲೆ ಕೂತ ಕಾರಿನ ಒಡಲು ಸೆಕೆಂಡಿಗೆ ಒಂದೆರಡು ಸಲ ತೂಗುವಂಥದ್ದು; ಸ್ಪ್ರಿಂಗಿನ ಕೆಳಗಿರುವ ಚಕ್ರ, ಹಬ್, ಬ್ರೇಕುಗಳ ಗುಂಪು ಸೆಕೆಂಡಿಗೆ 10ರಿಂದ 15 ಸಲ ಕುಣಿಯುವ ಸ್ವಭಾವದ್ದು. ಚಕ್ರದ ಸುತ್ತಿನ ಲೆಕ್ಕ ಈ ಸ್ವಭಾವದ ಲೆಕ್ಕಕ್ಕೆ ಕೂಡಿಬಂದಾಗ ಸಣ್ಣ ದೋಷವೂ ದೊಡ್ಡದಾಗಿ ಸ್ಟೇರಿಂಗಿಗೆ ಏರುತ್ತದೆ. ಅನುರಣನ ಎನ್ನುವುದು ಇದನ್ನೇ. 80ರಲ್ಲಿ ಶುರುವಾಗಿ 90–95ರಲ್ಲಿ ಜೋರಾಗಿ 110ರ ಹೊತ್ತಿಗೆ ತಣ್ಣಗಾಗುವ ನಡುಕಕ್ಕೆ ವಿವರಣೆ ಇದು. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಹೇಳುವ ಗ್ರಾಹಕ ತಮಾಷೆ ಮಾಡುತ್ತಿಲ್ಲ.

ಇನ್ನೊಂದು ಲೆಕ್ಕ ಬಲದ್ದು. ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಅಸಮತೋಲ ಇದ್ದರೆ 90 ಕಿ.ಮೀ. ವೇಗದಲ್ಲಿ ಅದು ಸುಮಾರು 27 ನ್ಯೂಟನ್ ಬಲದಿಂದ, ಅಂದರೆ ಎರಡೂಮುಕ್ಕಾಲು ಕೆ.ಜಿ. ತೂಕದಷ್ಟು, ಚಕ್ರವನ್ನು ಸುತ್ತಿಗೊಮ್ಮೆ ಒಂದು ಮಗ್ಗುಲಿಗೆ ಎಳೆಯುತ್ತದೆ. ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 45 ಕಿ.ಮೀ. ವೇಗದಲ್ಲಿ ಅದೇ 20 ಗ್ರಾಂ ಮುಕ್ಕಾಲು ಕೆ.ಜಿ.ಯಷ್ಟೂ ಎಳೆಯದು. ಹಾಗಾಗಿ ಅಂಗಡಿಯ ಹುಡುಗ ಕಾರನ್ನು ಬಂಟ್ಸ್ ಹಾಸ್ಟೆಲ್‌ನಿಂದ ಹಂಪನಕಟ್ಟೆಯವರೆಗೆ ಓಡಿಸಿ ತಂದು "ಎಂತದೂ ಇಲ್ಲ ಸಾರ್" ಎಂದರೆ ಅವನು ಸುಳ್ಳು ಹೇಳಿದನೆಂದು ತಿಳಿಯಬೇಕಿಲ್ಲ. ಆ ಟ್ರಾಫಿಕ್ಕಿನಲ್ಲಿ ಆ ನಡುಕ ಹುಟ್ಟುವುದೇ ಇಲ್ಲ. ಪರೀಕ್ಷೆಗೆ ಸುರತ್ಕಲ್ ದಾಟಿ ಮುಕ್ಕದ ಕಡೆಗೋ, ತೊಕ್ಕೊಟ್ಟು ದಾಟಿ ತಲಪಾಡಿಯ ಕಡೆಗೋ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಬೇಕು. ಅದೂ ಬೆಳಗಿನ ಹೊತ್ತು, ವೇಗದ ಮಿತಿಯೊಳಗೆ. ಪಣಂಬೂರು–ಬೈಕಂಪಾಡಿ ಭಾಗ ಇದಕ್ಕೆ ಪ್ರಯೋಜನವಿಲ್ಲ. ಬಂದರಿನ ಲಾರಿಗಳು ಅರೆದ ಆ ರಸ್ತೆಯಲ್ಲಿ ಯಾವ ಕಾರೂ ನಡುಗುತ್ತದೆ.

ವೇಗವನ್ನು ಸ್ಪೀಡೋಮೀಟರಿನಿಂದ ಓದದೆ ಫೋನಿನ ಜಿಪಿಎಸ್‌ನಿಂದ ಓದುವುದು ಲೇಸು. ಸ್ಪೀಡೋಮೀಟರು ಸಾಮಾನ್ಯವಾಗಿ ಇದ್ದದ್ದಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಅದರ ಮೇಲೆ ಸವೆದ ಟೈರಿಗೂ ಹೊಸ ಟೈರಿಗೂ ವ್ಯಾಸದಲ್ಲಿ ಹನ್ನೆರಡು ಮಿ.ಮೀ.ವರೆಗೆ ವ್ಯತ್ಯಾಸ ಬರುತ್ತದೆ, ಅಂದರೆ ಶೇ. 2ರಷ್ಟು. (ಹೊಸ ಟೈರು ಹಾಕಿದ ಮೇಲೆ ಮೈಲೇಜು ಕಡಿಮೆಯಾಯಿತೆಂದು ಗೊಣಗುವವರು ಈ ಶೇ. 2ನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಓಡಿದ ದೂರವನ್ನೇ ಮೀಟರು ಕಡಿಮೆ ಎಣಿಸುತ್ತಿರುತ್ತದೆ.) ಪಕ್ಕದಲ್ಲಿ ಕೂತವರ ಬಳಿ ಫೋನು ಇದ್ದರೆ ಕಂಪನ ಅಳೆಯುವ ಉಚಿತ ಆ್ಯಪ್ ಹಾಕಿ, ಸೀಟಿನ ಕಬ್ಬಿಣದ ಹಳಿಗೆ ಒತ್ತಿ ಹಿಡಿದು ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ನೋಡಬಹುದು. ಈ ಕೆಲಸ ಚಾಲಕ ಮಾಡುವುದಲ್ಲ. ಗೆರೆಯ ಶಿಖರ 90ರಲ್ಲಿ 14 ಹರ್ಟ್ಸ್‌ಗೂ 80ರಲ್ಲಿ ಹನ್ನೆರಡೂವರೆಗೂ ಬಿದ್ದರೆ ಅದು ಚಕ್ರದೊಂದಿಗೆ ಸುತ್ತುವ ದೋಷ. ಎರಡು ಪಟ್ಟು, ಅಂದರೆ 28ರಲ್ಲಿ ಬಿದ್ದರೆ ಟೈರೋ ರಿಮ್ಮೋ ಮೊಟ್ಟೆಯಾಕಾರಕ್ಕೆ ತಿರುಗಿದೆಯೆಂಬ ಅನುಮಾನ. ಅದೇ ವೇಗದಲ್ಲಿ ಗೇರ್ ಬದಲಿಸಿದಾಗ ಶಿಖರವೂ ಸರಿದರೆ ಕಾರಣ ಎಂಜಿನ್ ಕಡೆಯದ್ದು, ಮೌಂಟಿಂಗ್ ನೋಡಬೇಕು. ಟೈರಿನ ಮಾತು ಅಲ್ಲಿಗೆ ಮುಗಿಯಿತು.

ಫೋನಿಲ್ಲದಿದ್ದರೂ ಕೈ ಮತ್ತು ಸೊಂಟ ಸಾಕು. ಸ್ಟೇರಿಂಗ್ ಆಡಿದರೆ ಮುಂದಿನ ಚಕ್ರ, ಸೀಟು ಮತ್ತು ನೆಲ ನಡುಗಿದರೆ ಹಿಂದಿನದ್ದು ಎಂಬುದು ಮೆಕ್ಯಾನಿಕ್ಕುಗಳ ಹಳೆಯ ಸೂತ್ರ. ಅದು ಬಹುಪಾಲು ಸರಿಯಿದೆ. ಅಕ್ಸಲರೇಟರ್ ಒತ್ತಿದಾಗ ಮಾತ್ರ ಕಾಣಿಸಿ ಬಿಟ್ಟೊಡನೆ ಹೋಗುವ ಅದುರು ಆಕ್ಸಲ್‌ನ ಒಳಜಾಯಿಂಟಿನದ್ದು. ಬ್ರೇಕ್ ತುಳಿದಾಗ ಮಾತ್ರ ಬರುವುದು ಡಿಸ್ಕಿನದ್ದು, ಮತ್ತು ಅದರ ಹಿಂದೆ ಕೆಲವೊಮ್ಮೆ ಟೈರು ಹಾಕಿದ ದಿನವೇ ನಟ್ಟುಗಳನ್ನು ವಿಪರೀತ ಬಿಗಿದದ್ದೂ ಇರುತ್ತದೆ. ಇವೆಲ್ಲಕ್ಕಿಂತ ಅಗ್ಗದ ಪರೀಕ್ಷೆ ಚಕ್ರ ಅದಲುಬದಲು ಮಾಡುವುದು. ಮುಂದಿನ ಎರಡನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದಾಗ ನಡುಕ ಸ್ಟೇರಿಂಗಿನಿಂದ ಸೀಟಿಗೆ ದಾಟಿದರೆ ದೋಷ ಚಕ್ರದಲ್ಲೇ ಇದೆ. ಇದ್ದಲ್ಲೇ ಉಳಿದರೆ ಹಬ್, ಬೇರಿಂಗ್, ಡಿಸ್ಕ್ ಅಥವಾ ಸ್ಟೇರಿಂಗಿನ ಜಾಯಿಂಟುಗಳ ಕಡೆ ನೋಡಬೇಕು.

ಈಗ ಈ ಟಿಪ್ಪಣಿಯ ಮುಖ್ಯ ಭಾಗಕ್ಕೆ ಬರೋಣ: ಯಂತ್ರ ತೋರಿಸುವ ಸೊನ್ನೆ.

ಪರಿಚಿತರೊಬ್ಬರ ಕಾರಿನ ನಡುಕ ನೋಡಲು ಹೋದಾಗ ಬ್ಯಾಲೆನ್ಸಿಂಗ್ ಯಂತ್ರದ ಮುಂದೆ ನಿಂತಿದ್ದ ಹುಡುಗ ನೇರವಾಗಿಯೇ ಹೇಳಿದ: "ಮಿಷನ್‌ನಲ್ಲಿ ಸೊನ್ನೆ ತೋರಿಸ್ತಾ ಉಂಟಲ್ಲ ಸಾರ್, ಇನ್ನು ಬ್ಯಾಲೆನ್ಸ್‌ದು ಎಂತ ಮಾಡುದು?" ಅವನ ಮಾತು ತಪ್ಪಲ್ಲ, ಪೂರ್ತಿಯೂ ಅಲ್ಲ. ಯಂತ್ರ ಅಳೆಯುವುದು ತನ್ನ ಶಾಫ್ಟಿನ ಮೇಲೆ ಕೂತ ಚಕ್ರವನ್ನು, ಕಾರಿನ ಹಬ್ಬಿನ ಮೇಲೆ ಕೂತದ್ದನ್ನಲ್ಲ. ಶಾಫ್ಟಿನ ಮೇಲೆ ಚಕ್ರವನ್ನು ನಡುವಿಗೆ ತರುವುದು ಒಂದು ಕೋನ್. ಕೋನ್ ಸವೆದಿದ್ದರೆ, ಅದರ ಮೇಲೆ ಧೂಳಿನ ಗ್ರೀಸ್ ಇದ್ದರೆ, ರಿಮ್ಮಿನ ತೂತಿನ ಅಂಚಿನಲ್ಲಿ ತುಕ್ಕು ಇದ್ದರೆ ಚಕ್ರ ತುಸು ಓರೆಯಾಗಿ ಕೂರುತ್ತದೆ. ಯಂತ್ರ ಆ ಓರೆಯನ್ನೂ ಅಸಮತೋಲವೆಂದೇ ಎಣಿಸಿ ಅದಕ್ಕೆ ತೂಕ ಅಂಟಿಸಲು ಹೇಳುತ್ತದೆ, ಅಂಟಿಸಿದ ಮೇಲೆ ಸೊನ್ನೆ ತೋರಿಸುತ್ತದೆ.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಸೊನ್ನೆ ಬಂದ ಚಕ್ರವನ್ನು ಸಡಿಲಿಸಿ, ಶಾಫ್ಟನ್ನು ಹಾಗೇ ಇಟ್ಟು ಚಕ್ರವನ್ನಷ್ಟೇ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಬೇಕು. ಕೂರಿಸಿದ್ದು ಸರಿಯಾಗಿದ್ದರೆ ಆಗಲೂ ಸೊನ್ನೆಯೇ, ಹೆಚ್ಚೆಂದರೆ 5 ಗ್ರಾಂ. ಆ ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿಸಿದಾಗ ಪರದೆಯ ಮೇಲೆ 15 ಮೂಡಿತು. ಅರ್ಧ ಸುತ್ತಿನಿಂದ ಓರೆಯ ದೋಷ ಎದುರು ಮಗ್ಗುಲಿಗೆ ಹೋಗುವುದರಿಂದ ಓದಿನಲ್ಲಿ ಅದು ಇಮ್ಮಡಿಯಾಗಿ ಕಾಣುತ್ತದೆ. ನಿಜದ ದೋಷ ಅದರ ಅರ್ಧ, ಏಳೂವರೆ ಗ್ರಾಂ. ಹುಡುಗ ಕೋನನ್ನು ಒರೆಸಿದ, ಇನ್ನೊಂದು ಅಳತೆಯ ಕೋನ್ ತಂದು ರಿಮ್ಮಿನ ಒಳಬದಿಯಿಂದ ಹಾಕಿ ನೋಡಿದ. ಆಮೇಲೆ ಅವನೇ ಉಳಿದ ಮೂರು ಚಕ್ರಗಳನ್ನೂ ತಿರುಗಿಸಿ ನೋಡತೊಡಗಿದ.

ಯಂತ್ರದ ಮೇಲಿನ ಓರೆ ಇಷ್ಟಾದರೆ ಕಾರಿನ ಮೇಲಿನದ್ದು ಇನ್ನೂ ಮುಖ್ಯ. ರಿಮ್ಮು, ಟೈರು ಸೇರಿ ಚಕ್ರದ ತೂಕ 15 ಕೆ.ಜಿ. ಎಂದಿಟ್ಟುಕೊಳ್ಳಿ. ಅದು ಹಬ್ಬಿನ ನಡುವಿನಿಂದ 0.1 ಮಿ.ಮೀ. ಸರಿದು ಕೂತರೆ ರಿಮ್ಮಿನ ಅಂಚಿನಲ್ಲಿ 8 ಗ್ರಾಂಗೂ ಮಿಕ್ಕ ಅಸಮತೋಲ ಹುಟ್ಟುತ್ತದೆ. 0.2 ಮಿ.ಮೀ. ಸರಿದರೆ 17 ಗ್ರಾಂ ಹತ್ತಿರ. ಹಬ್ಬಿನ ಮುಖದ ಮೇಲೆ ಒಂದೇ ಮಗ್ಗುಲಲ್ಲಿ 0.2 ಮಿ.ಮೀ. ದಪ್ಪದ ತುಕ್ಕಿನ ಹೊಪ್ಪಳೆ ಇದ್ದರೆ ಚಕ್ರ ವಾಲಿ, ಟೈರಿನ ಹೊರ ಅಂಚು ಸುತ್ತಿಗೊಮ್ಮೆ ಒಂದು ಮಿ.ಮೀ.ನಷ್ಟು ಅತ್ತಿತ್ತ ಆಡುತ್ತದೆ. ಇಲ್ಲಿ ಊರಿನ ಹವೆಯ ಪಾತ್ರ ದೊಡ್ಡದು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರುವ ಮಳೆ, ಉಳ್ಳಾಲದಿಂದ ಸುರತ್ಕಲ್‌ವರೆಗೆ ಕಡಲಿಗೆ ಅಂಟಿಕೊಂಡ ಬೀದಿಗಳು, ಉಪ್ಪಿನ ಗಾಳಿ. ಬಳ್ಳಾರಿಯ ಕಾರಿನ ಹಬ್ಬಿನಲ್ಲಿ ಕಾಣಲು ವರ್ಷಗಳೇ ಬೇಕಾಗುವ ತುಕ್ಕು ಇಲ್ಲಿ ಒಂದೆರಡು ಮಳೆಗಾಲದಲ್ಲೇ ಕಟ್ಟುತ್ತದೆ. ವರ್ಷಗಟ್ಟಲೆ ಬಿಚ್ಚದೇ ಇದ್ದ ಚಕ್ರದ ಮತ್ತು ಹಬ್ಬಿನ ನಡುವೆ ಆ ತುಕ್ಕು ಒಂದಕ್ಕೊಂದು ಹೊಂದಿಕೊಂಡು ಸುಮ್ಮನಿರುತ್ತದೆ. ಟೈರು ಬದಲಿಸಲು ಬಿಚ್ಚಿದ ದಿನ ಒಂದಿಷ್ಟು ಉದುರಿ, ಒಂದಿಷ್ಟು ಉಳಿದು, ಚಕ್ರ ಬೇರೆ ಕೋನದಲ್ಲಿ ಮತ್ತೆ ಕೂರುತ್ತದೆ. ಹೊಸ ಟೈರಿನ ಮೇಲೆ ಬರುವ ದೂರುಗಳಲ್ಲಿ ಗಣನೀಯ ಪಾಲು ಈ ಹೊಪ್ಪಳೆಯದ್ದೆಂದು ನನ್ನ ಅಂದಾಜು.

ಪರಿಹಾರಕ್ಕೆ ತಂತಿಯ ಬ್ರಷ್, ಎಮರಿ ಕಾಗದ ಸಾಕು. ಹಬ್ಬಿನ ಮುಖ, ನಡುವಿನ ದಿಂಡು, ರಿಮ್ಮಿನ ಒಳಮೈ ಮೂರನ್ನೂ ಉಜ್ಜಿ ಲೋಹ ಕಾಣಿಸಬೇಕು. ದಿಂಡಿಗೆ ತೆಳ್ಳಗೆ ಗ್ರೀಸ್ ಸವರಬಹುದು. ಬೋಲ್ಟಿಗೂ ನಟ್ಟು ಕೂರುವ ಜಾಗಕ್ಕೂ ತಾಗಿಸಬಾರದು. ಹೊರಗಿನಿಂದ ಕೊಂಡ ಅಲಾಯ್ ಚಕ್ರವಾದರೆ ನಡುವಿನ ತೂತನ್ನೂ ಅಳೆಯಬೇಕು. ಮಾರುತಿ ಸ್ವಿಫ್ಟ್‌ನ ಹಬ್ಬಿಗೆ 54.1 ಮಿ.ಮೀ. ತೂತು ಸರಿಹೊಂದುತ್ತದೆ. ಹಲವು ಕಾರುಗಳಿಗೆ ಆಗಲೆಂದು ದೊಡ್ಡ ತೂತಿನಿಂದ ಮಾಡಿದ ಅಲಾಯ್ ಹಾಕಿದಾಗ ನಡುವಿನ ರಿಂಗ್ ಇಲ್ಲದೇ ಹೋದರೆ ಚಕ್ರವನ್ನು ನಡುವಿಗೆ ತರುವ ಹೊಣೆ ನಟ್ಟುಗಳ ಮೇಲೆಯೇ ಬೀಳುತ್ತದೆ. ಆ ನಟ್ಟುಗಳನ್ನು ಗಾಳಿಯ ಗನ್ನು ಒಂದೊಂದಾಗಿ ಪೂರ್ತಿ ಬಿಗಿದರೆ ಮೊದಲ ನಟ್ಟು ಎಳೆದ ಕಡೆಗೇ ಚಕ್ರ ನಿಲ್ಲುತ್ತದೆ. ಕೈಯಿಂದ ನಾಲ್ಕೂ ನಟ್ಟು ತಿರುಗಿಸಿ, ಎದುರುಬದುರು ಕ್ರಮದಲ್ಲಿ ಬಿಗಿದು, ಕೊನೆಗೆ ಟಾರ್ಕ್ ಸ್ಪ್ಯಾನರ್ ಬಳಸಬೇಕು. ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್, ಅಂದರೆ 40 ಸೆ.ಮೀ. ಹಿಡಿಯ ತುದಿಗೆ 25 ಕೆ.ಜಿ. ಭಾರ. ನಿಖರ ಅಂಕೆ ಕಾರಿನ ಕೈಪಿಡಿಯಲ್ಲಿದೆ. ಗನ್ನು ಇದರ ಎರಡರಷ್ಟು ಬಿಗಿದರೂ ಯಾರಿಗೂ ತಿಳಿಯುವುದಿಲ್ಲ, ಪಂಕ್ಚರ್ ಆದ ದಿನ ಜಾಕಿ ಏರಿಸಿ ನಿಂತವನಿಗೆ ಮಾತ್ರ ತಿಳಿಯುತ್ತದೆ.

ಬ್ಯಾಲೆನ್ಸ್ ಸರಿಯಿದ್ದೂ ಮೊದಲ ದಿನಗಳಲ್ಲಿ ಕೆಡುವ ಇನ್ನೊಂದು ದಾರಿಯಿದೆ. ಟೈರು ರಿಮ್ಮಿನ ಮೇಲೆ ಸಲೀಸಾಗಿ ಏರಲೆಂದು ಸೋಪಿನ ದ್ರಾವಣ ಹಚ್ಚಿರುತ್ತಾರೆ. ಅದು ಒಣಗುವ ಮೊದಲೇ ಗಕ್ಕನೆ ಬ್ರೇಕ್ ಹಾಕಿದರೆ ರಿಮ್ಮಿನ ಮೇಲೆ ಟೈರು ಸುತ್ತಿನ ದಿಕ್ಕಿನಲ್ಲಿ ಜಾರಿಬಿಡಬಹುದು. ತೂಕ ಅಂಟಿಸಿದ ಜಾಗಕ್ಕೂ ಭಾರದ ಜಾಗಕ್ಕೂ ಆಮೇಲೆ ಸಂಬಂಧ ತಪ್ಪುತ್ತದೆ. ವಾಲ್ವಿನ ಎದುರು ಟೈರಿನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ.

ಇನ್ನು ಸದ್ದು. ಇಲ್ಲಿ ಮಂಗಳೂರಿನ ರಸ್ತೆಗಳೇ ಉಪಕರಣ. ಮಳೆಗೆ ಡಾಂಬರು ನಿಲ್ಲದ ಕಾರಣ ನಗರದ ಮುಖ್ಯರಸ್ತೆಗಳೂ ಅನೇಕ ಒಳರಸ್ತೆಗಳೂ ಕಾಂಕ್ರೀಟಿನವು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅವು ಇನ್ನೂ ಹೆಚ್ಚಿದವು. ಹೆದ್ದಾರಿ 66 ಬಹುಪಾಲು ಡಾಂಬರಿನದ್ದು. ನಗರದ ಕಾಂಕ್ರೀಟಿನಿಂದ ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಗೆ ಏರುವಾಗ ವೇಗ ಬದಲಿಸದೆ ಕಿವಿಗೊಟ್ಟು ಕೇಳಬೇಕು. ಗುಂಯ್‌ಗುಡುವಿಕೆ ರಸ್ತೆ ಬದಲಾದ ಕ್ಷಣದಲ್ಲೇ ಬದಲಾದರೆ ಅದು ಟೈರು ಮತ್ತು ರಸ್ತೆಯ ನಡುವಿನ ಸದ್ದು. ಬದಲಾಗದೆ ಹಾಗೇ ಮುಂದುವರಿದರೆ ಬೇರಿಂಗನ್ನು ಅನುಮಾನಿಸಬೇಕು. ಬೇರಿಂಗಿಗೆ ಎರಡನೇ ಪರೀಕ್ಷೆ ತಿರುವು: ಮೂಡುಬಿದಿರೆಯ ಕಡೆ ಹೋಗುವ ಹೆದ್ದಾರಿ 169ರ ಉದ್ದನೆಯ ತಿರುವುಗಳಲ್ಲಿ ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿ, ಬಲಕ್ಕೆ ತಿರುಗುವಾಗ ಇಳಿದರೆ ಬಲಗಡೆಯ ಬೇರಿಂಗ್ ಹೋಗಿದೆ. ಹೊಸ ಟೈರು ಬೇರಿಂಗನ್ನು ಹಾಳುಮಾಡುವುದಿಲ್ಲ. ಹಳೆಯ ಟೈರಿನ ಗದ್ದಲದಲ್ಲಿ ಕೇಳಿಸದಿದ್ದ ಬೇರಿಂಗು ಹೊಸ ಟೈರಿನ ಮೌನದಲ್ಲಿ ಕೇಳಿಸತೊಡಗುತ್ತದೆ, ಅಷ್ಟೇ.

ಕಾಂಕ್ರೀಟ್ ರಸ್ತೆಯ ಟಕ್‌ಟಕ್ ಸದ್ದನ್ನೂ ಚಕ್ರದ ಸದ್ದೆಂದು ಭ್ರಮಿಸುವವರಿದ್ದಾರೆ. ಹೊಸ ಹಲಗೆಗಳ ಅಡ್ಡ ಜೋಡಣೆ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎರಡೂವರೆ ಸಲ ತಾಗುತ್ತದೆ, ಮುಂದಿನ ಚಕ್ರದ ಬೆನ್ನಿಗೇ ಹಿಂದಿನದ್ದು, ಜೋಡಿಯಾಗಿ. ಅದೇ ವೇಗದಲ್ಲಿ ಚಕ್ರದೊಂದಿಗೆ ಸುತ್ತುವ ದೋಷವಾದರೆ ಸೆಕೆಂಡಿಗೆ ಆರಕ್ಕೂ ಹೆಚ್ಚು ಸಲ ಕೇಳಿಸಬೇಕು. ಎಣಿಸಿದರೆ ಗೊಂದಲವಿಲ್ಲ. 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟಾದ ಶಿರಾಡಿ ಘಾಟಿಯಲ್ಲಿ ಹೊಸ ಟೈರಿನ ಶಿಳ್ಳೆ ಕೇಳಿ ಗಾಬರಿಯಾಗುವವರು ರಸ್ತೆಯ ಮೈಮೇಲೆ ಅಡ್ಡಕ್ಕೆ ಗೀರಿದ ಗೆರೆಗಳನ್ನು ಇಳಿದು ನೋಡಬೇಕು.

ಎರಡೇ ಹೊಸ ಟೈರು ಹಾಕಿಸಿದವರ ದೂರು ಬೇರೆ ಬಗೆಯದ್ದು. ಅಲೈನ್‌ಮೆಂಟ್ ತಪ್ಪಿ ಓಡಿದ ಮುಂದಿನ ಟೈರಿನ ಬಟನ್‌ಗಳು, ಅಂದರೆ ಗ್ರೂವ್‌ಗಳ ನಡುವಿನ ರಬ್ಬರ್ ತುಂಡುಗಳು, ಒಂದು ಮಗ್ಗುಲು ಚೂಪಾಗಿ, ಇನ್ನೊಂದು ಮಗ್ಗುಲು ಮೊಂಡಾಗಿ ಸವೆದಿರುತ್ತವೆ. ಅಂಗೈಯನ್ನು ಟೈರಿನ ಅಡ್ಡಕ್ಕೆ ಅತ್ತಿಂದಿತ್ತ ಎಳೆದರೆ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಲ್ಲು. ಹೊಸದನ್ನು ಮುಂದೆ ಹಾಕಿ ಆ ಹಳೆಯದನ್ನು ಹಿಂದಕ್ಕೆ ಸರಿಸಿದರೆ ಸದ್ದಿನ ಜಾಗ ಬದಲಾಗಿ ಹಿಂದಿನ ಸೀಟಿನಿಂದ ಗುಂಯ್‌ಗುಡುತ್ತದೆ. ಬೈಗುಳ ಬೀಳುವುದು ಹೊಸ ಟೈರಿಗೆ. ನಿಜಕ್ಕೆ ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರದಿರಲು ಹೊಸ ಜೋಡಿಯನ್ನು ಹಿಂದೆ ಹಾಕುವುದೇ ಕ್ಷೇಮ. ಆದರೆ ಮುಂದೆಯೇ ಹಾಕಬೇಕೆಂಬ ಹಟ ಗ್ರಾಹಕರಲ್ಲೂ ಇದೆ, ಅಂಗಡಿಯವರಲ್ಲೂ ಇದೆ.

ಗಾಳಿಯ ಒತ್ತಡವನ್ನು ಯಾರೂ ಮೊದಲು ನೋಡುವುದಿಲ್ಲ. ಟೈರಿನ ಅಂಚು ರಿಮ್ಮಿಗೆ ಸರಿಯಾಗಿ ಕೂರಲೆಂದು 40 ಪಿಎಸ್‌ಐ ತುಂಬಿಸಿ ಇಳಿಸಲು ಮರೆತ ಕಾರುಗಳು ಸಾಮಾನ್ಯ; ಬಾಗಿಲ ಕಂಬದ ಸ್ಟಿಕ್ಕರು ಹೇಳುವುದು 30ರ ಆಸುಪಾಸು. ಅಂಥ ಕಾರು ಪಂಪ್‌ವೆಲ್ ಮೇಲ್ಸೇತುವೆಯ (ದಶಕದಷ್ಟು ಕಾಯಿಸಿ 2020ರ ಜನವರಿಯಲ್ಲಿ ತೆರೆದದ್ದು) ಜೋಡಣೆಗಳ ಮೇಲೆ ಹಾದಾಗ ಬಡಿತದ ಜೊತೆಗೆ 'ಟಂಯ್' ಎಂಬ ಲೋಹದ ದನಿಯೂ ಬರುತ್ತದೆ. ಅದು ಟೈರಿನೊಳಗಿನ ಗಾಳಿಯದ್ದೇ ದನಿ: ಒಳಗಿನ ಉಂಗುರದ ಸುತ್ತಳತೆ ಒಂದೂವರೆ ಮೀಟರಿನಷ್ಟಿದ್ದು, ಶಬ್ದ ಅದನ್ನು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಸುತ್ತಿಬರುತ್ತದೆ. ಈ ದನಿ ದೋಷವಲ್ಲ. ಒತ್ತಡ ಇಳಿಸಿದರೆ ಬಡಿತ ಮೆತ್ತಗಾಗುತ್ತದೆ. ಗೋಡೆಯ ಮೇಲಿನ ಬಾಣದ ಗುರುತು ಸುತ್ತುವ ದಿಕ್ಕಿಗಿದೆಯೇ, ಹೊರಬದಿಯೆಂದು ಬರೆದ ಮಗ್ಗುಲು ಹೊರಗೇ ಇದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಸದ್ದಿನ ಪ್ರಮಾಣಪತ್ರ ತೋರಿಸಿ ವಾದಿಸುವವರಿಗೆ ಒಂದು ಮಾತು: 2022ರಲ್ಲಿ ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದ ಎಐಎಸ್-142 ಮಾನದಂಡ ಅಳೆಯುವುದು ದಾರಿಯ ಬದಿಯಲ್ಲಿ ನಿಂತವರಿಗೆ ಕೇಳಿಸುವ ಸದ್ದನ್ನು. ಕಾರಿನೊಳಗೆ ಕೂತವರ ಕಿವಿಗೆ ಅದು ಭರವಸೆ ಕೊಡುವುದಿಲ್ಲ.

ಇಷ್ಟನ್ನೂ ಕಳೆದು ಉಳಿಯುವುದು ಟೈರಿನದ್ದೇ ದೋಷ. ಸುತ್ತಿನಲ್ಲಿ ಒಂದು ಕಡೆ ಗಡಸು, ಒಂದು ಕಡೆ ಮೆದುವಾಗಿ ತಯಾರಾದ ಟೈರು ಬ್ಯಾಲೆನ್ಸ್ ಯಂತ್ರದಲ್ಲಿ ಸೊನ್ನೆ ತೋರಿಸಿಯೂ ರಸ್ತೆಯಲ್ಲಿ ನಡುಗುತ್ತದೆ, ಏಕೆಂದರೆ ಯಂತ್ರ ಅದನ್ನು ನೆಲಕ್ಕೆ ಒತ್ತಿ ನೋಡುವುದಿಲ್ಲ. ಕೆಲವು ಹೊಸ ಟೈರುಗಳ ಗೋಡೆಯ ಮೇಲೆ ಚುಕ್ಕಿಗಳಿರುತ್ತವೆ. ಹಳದಿ ಚುಕ್ಕಿ ಹಗುರಾದ ಜಾಗ, ಅದನ್ನು ವಾಲ್ವಿನ ಪಕ್ಕಕ್ಕೇ ತರುತ್ತಾರೆ. ಕೆಂಪು ಚುಕ್ಕಿ ಗಡಸಿನ ಶಿಖರ, ಅದನ್ನು ರಿಮ್ಮಿನ ತಗ್ಗಿನ ಕಡೆಗೆ ಕೂರಿಸುತ್ತಾರೆ. ಹಾಗೆ ಮಾಡಿರದಿದ್ದರೆ ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಹೊಸದಾಗಿ ಬ್ಯಾಲೆನ್ಸ್ ಮಾಡಿಸಿ, ಅದೇ ಹೆದ್ದಾರಿಯಲ್ಲಿ ಅದೇ ವೇಗದಲ್ಲಿ ಮತ್ತೆ ನೋಡಬೇಕು. ನಡುಕ ಇಳಿದರೆ ರಿಮ್ಮು ಮತ್ತು ಟೈರಿನ ದೋಷಗಳು ಮೊದಲು ಒಂದೇ ಮಗ್ಗುಲಲ್ಲಿ ಕೂಡಿದ್ದವು ಎಂದರ್ಥ. ಇಳಿಯದಿದ್ದರೆ ಅದೇ ಟೈರನ್ನು ಇನ್ನೊಂದು ಒಳ್ಳೆಯ ರಿಮ್ಮಿಗೆ ಹಾಕಿ ನೋಡುವುದು ಕೊನೆಯ ಪರೀಕ್ಷೆ. ಅಲ್ಲಿಗೂ ನಡುಕ ಟೈರಿನ ಹಿಂದೆಯೇ ಹೋದರೆ ಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕೆಯ ವಾರ–ವರ್ಷ, ಓಡಿದ ಕಿ.ಮೀ., ನಡುಕ ಬರುವ ವೇಗ, ಅರ್ಧ ಸುತ್ತಿನ ಮೊದಲು ಮತ್ತು ನಂತರದ ಓದು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೊತೆ ಡೀಲರಿಗೆ ಕೊಡಬೇಕು. ಟ್ರೆಡ್ ಸವೆಯುವ ಮೊದಲೇ ಕೊಟ್ಟರೆ ಬದಲಿ ಟೈರಿಗೆ ಸವೆತದ ಹೆಸರಿನಲ್ಲಿ ಕಳೆಯುವ ಮೊತ್ತವೂ ಕಡಿಮೆ.